ಶೀತಲ್‌ಗೆ ಕಲಿಸಿದ ಕಾಫಿ

ಘೋಡಗೇರಿ
15 ಜೂನ್ 2025

ಶ್ರೀ ಸಿದ್ರಾಯ ಇವರಿಗೆ,
ಮೂಲ ವಸ್ತಿ ತುಕ್ಕಾನಟ್ಟಿ. ಹಾಲಿ ವಸ್ತಿ ಕಣಗಲಾ ಹೈವೇ ಬದಿಯ ಕಾಫಿ ಕೌಂಟರಿನ ಹಿಂದಿನ ಖೋಲಿ.

ವಿಷಯ: ಮನೆಯಲ್ಲಿ ಎಸ್‌ಪ್ರೆಸೊ ಕಾಫಿ ತಯಾರಿಸಲು ಮಾರ್ಗದರ್ಶನ ಕೋರಿ ಅರ್ಜಿ.
ಉಲ್ಲೇಖ: ತಾವು ನನ್ನನ್ನು ಬ್ಲಾಕ್ ಮಾಡಿದ್ದು, ದಿನಾಂಕ 20-4-2025.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಯಲ್ಲಾಲಿಂಗ ಎಂಬ ನಾನು, ವಯಸ್ಸು ಇಪ್ಪತ್ನಾಲ್ಕು, ಉದ್ಯೋಗ ಹುಕ್ಕೇರಿಯ ಝೆರಾಕ್ಸ್ ಅಂಗಡಿಯಲ್ಲಿ ಮಂದಿಯ ಅರ್ಜಿ ಬರೆದುಕೊಡುವುದು, ವಿನಂತಿಸಿಕೊಳ್ಳುವುದೇನೆಂದರೆ: ಕಳೆದ ಎರಡು ತಿಂಗಳಲ್ಲಿ ತಮ್ಮನ್ನು ಸಂಪರ್ಕಿಸಲು ನನ್ನ ನಂಬರ್, ಅಣ್ಣನ ನಂಬರ್ ಹಾಗೂ ಅಂಗಡಿ ಮಾಲೀಕರ ನಂಬರ್ ಬಳಸಲಾಯಿತು. ಮೂರನ್ನೂ ತಾವು ಬ್ಲಾಕ್ ಮಾಡಿದ್ದೀರಿ. "ಲೇ, ನನ್ನ ನಂಬರ್ ಏನ್ ಪಾಪ ಮಾಡಿತ್ತೋ?" ಎಂದು ಮಾಲೀಕರು ಇನ್ನೂ ಕೇಳುತ್ತಿದ್ದಾರೆ. ಅಂಚೆ ಪೆಟ್ಟಿಗೆಗೆ ಬ್ಲಾಕ್ ಮಾಡುವ ಗುಂಡಿ ಇಲ್ಲದಿರುವುದರಿಂದ ಈ ಕಾಗದ.

ಕಡತಕ್ಕಾಗಿ ಪ್ರಕರಣದ ಸಂಕ್ಷಿಪ್ತ ವಿವರ. ತಾವೂ ನಾನೂ ಗೋಕಾಕದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಖೋಲಿಯಲ್ಲಿ ಇದ್ದವರು. ಓದು ಮುಗಿದ ಮೇಲೆ ತಾವು ಹೈವೇಗೆ ಹೋಗಿ ಕಾಫಿ ಮಷಿನ್ ಹಿಡಿದಿರಿ, ನಾನು ಹುಕ್ಕೇರಿಗೆ ಹೋಗಿ ಪೆನ್ನು ಹಿಡಿದೆ. ಈ ಜನವರಿಯಲ್ಲಿ ನಾನು ಒಂದು ಹೊಸ ಸಿಮ್ ಕೊಂಡು ಶೀತಲ್ ಎಂಬ ಹುಡುಗಿಯನ್ನು ಹುಟ್ಟಿಸಿದೆ. ಆಕೆ ಗೋಕಾಕದಾಕೆ. ಒಮ್ಮೆ ಕೊಲ್ಲಾಪುರಕ್ಕೆ ಹೋಗುವಾಗ ತಮ್ಮ ಕೌಂಟರಿನಲ್ಲಿ ಕಾಫಿ ಕುಡಿದಿದ್ದಳು. ಅಂಥದ್ದನ್ನು ಮನೆಯಲ್ಲೇ ಮಾಡಲು ಕಲಿಯಬೇಕೆಂಬ ಹಂಬಲ ಆಕೆಗೆ. ತಾವು ಮೂರು ತಿಂಗಳು ಮೆಸೇಜಿನಲ್ಲೇ ಆಕೆಗೆ ಪಾಠ ಹೇಳಿದಿರಿ. ಏಪ್ರಿಲ್ 20ರಂದು ಆಕೆ ತಮ್ಮನ್ನು ಗೋಕಾಕ ಫಾಲ್ಸಿಗೆ ಕರೆದಳು. ತಾವು ಇಸ್ತ್ರಿ ಮಾಡಿದ ಆಕಾಶನೀಲಿ ಅಂಗಿ ತೊಟ್ಟು ಬಂದಿರಿ. ಬೇಸಿಗೆಯಾದ್ದರಿಂದ ಫಾಲ್ಸಿನಲ್ಲಿ ನೀರಿರಲಿಲ್ಲ. ಅಲ್ಲಿಯ ಗುಡಿಯ ಮೆಟ್ಟಿಲ ಮೇಲೆ ಶೀತಲ್ ಇರಲಿಲ್ಲ. ನಾನು, ಹುಕ್ಕೇರಿಯ ನನ್ನ ಗೆಳೆಯ ರಾವಸಾಹೇಬ ಮತ್ತು ಇನ್ನಿಬ್ಬರು ಚೆಂಡುಹೂವಿನ ಹಾರ ಹಿಡಿದು ನಿಂತಿದ್ದೆವು. ನಕ್ಕೆವು. ತಾವು ಬಂದ ಬಸ್ಸಿಗೇ ತಿರುಗಿ ಹೋದಿರಿ. ನಡೆದದ್ದು ಇಷ್ಟು.

ಈಗ ಅರ್ಜಿಯ ಮುಖ್ಯ ಭಾಗ. ಗೋಕಾಕ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಬೇಕರಿಯವರು "ಇಲ್ಲಿ ಯಾವಾಂವೂ ಕುಡೀವಲ್ಲ, ಎಲ್ಲಾರಿಗೂ ಚಾ ಬೇಕು" ಎಂದು ಮೂಲೆಗೆ ಸರಿಸಿದ್ದ ಸಣ್ಣ ಮಷಿನ್ ಒಂದನ್ನು ನಾನು ಕೊಂಡಿದ್ದೇನೆ. ಜೊತೆಗೆ ಹುರಿದ ಕಾಳಿನ ದೊಡ್ಡ ಪೊಟ್ಟಣವನ್ನೂ ಅವರೇ ಕೊಟ್ಟರು. ಶೀತಲ್ ಸುಳ್ಳಾಗಿ ಕೇಳಿದ್ದನ್ನು ಈಗ ನಾನು ಖರೆಯಾಗಿ ಕೇಳುತ್ತಿದ್ದೇನೆ. ತಾವು ಕಳಿಸಿದ ಪಾಠಗಳು ಈಗ ಇಲ್ಲ; ಫಾಲ್ಸಿನಿಂದ ಬಂದ ದಿನವೇ ಶೀತಲ್‌ಳ ಖಾತೆ ಅಳಿಸಿ, ಸಿಮ್ ಮುರಿದು ಎಸೆದೆ. ಇದ್ದಾಗಲೂ ನಾನು ಅವುಗಳನ್ನು ಕಲಿಯಲೆಂದು ಓದಿರಲಿಲ್ಲ.

ಕಾಳನ್ನು ಮಿಕ್ಸಿಯಲ್ಲಿ ತಿರುವಿ, ಮಷಿನ್ನಿನ ಹಿಡಿಕೆಯ ಜಾಲರಿಗೆ ತುಂಬಿ, ಗುಂಡಿ ಒತ್ತಿದೆ. ಎಂಟು ಸೆಕೆಂಡಿನಲ್ಲಿ ಬಟ್ಟಲು ತುಂಬಿತು. ಬಣ್ಣ ಕೆಸರುನೀರಿನದು, ರುಚಿ ಹುಳಿ. ಕಾರಣ ತಿಳಿಸಬೇಕಾಗಿ ಕೋರಿಕೆ.

ಅಪ್ಪ, ಅವ್ವ, ಅಣ್ಣ, ವೈನಿ ಎಲ್ಲರೂ ಕುರಿ ಹೊಡೆದುಕೊಂಡು ಮೂಡಣ ಸೀಮೆಗೆ ಹೋಗಿದ್ದಾರೆ. ಇಲ್ಲಿಯ ಮಳೆಯ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತವೆಂದು ಪ್ರತಿ ವರ್ಷ ಹೋಗುವುದು ತಮಗೆ ಗೊತ್ತೇ ಇದೆ. ಸದ್ಯ ಮನೆಯಲ್ಲಿ ನಾನು, ಮಷಿನ್ನು ಮತ್ತು ಕಾಲು ಉಳುಕಿದ ಒಂದು ಟಗರು.

ತಮ್ಮ ಉತ್ತರಕ್ಕೆ ಬಾಗಿಲಲ್ಲೇ ಕಾದಿರುವ,
ಯಲ್ಲಾಲಿಂಗ


ಘೋಡಗೇರಿ
6 ಜುಲೈ 2025

ವಿಷಯ: ಗಿರಣಿ ದುರಂತದ ಬಗ್ಗೆ ವರದಿ.

ಮಾನ್ಯರೇ,

ಮೊದಲ ಅರ್ಜಿಗೆ ಉತ್ತರ ಬಂದಿಲ್ಲ. ಅಂಚೆಯಣ್ಣ ದಿನಾ ನಮ್ಮ ಓಣಿಗೆ ಬಂದಾಗ ದೂರದಿಂದಲೇ ತಲೆಯಾಡಿಸುತ್ತಾನೆ. ಆದರೂ ಇಲ್ಲಿ ನಡೆದ ಘಟನೆ ಇಲಾಖೆಯ ಗಮನಕ್ಕೆ ಬರಬೇಕಾದ್ದು.

ಮಿಕ್ಸಿಯಲ್ಲಿ ಪುಡಿ ಸಣ್ಣಗಾಗದು ಎಂದು ಕಾಳನ್ನು ಅಲ್ಲಪ್ಪ ಕಾಕಾನ ಹಿಟ್ಟಿನ ಗಿರಣಿಗೆ ಒಯ್ದೆ. ಆತ ಮುಷ್ಟಿ ತುಂಬ ಹಿಡಿದು ಮೂಸಿದ.

"ಇದೇನೋ ಯಲ್ಲಾ, ಸುಟ್ಟ ಹುಣಸಿ ಬೀಜೇನು?"

ಜೋಳ ಬೀಸುವ ಕಲ್ಲಿಗೆ ಕಂಡಕಂಡದ್ದನ್ನು ಆತ ಹಾಕಗೊಡುವುದಿಲ್ಲ. ಹಾಗಾಗಿ ನಾನು ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ಕುರಿ ಔಷಧರಿ ಕಾಕಾ. ಮಳಿಗಾಲದ ಕೆಮ್ಮಿಂದು."

"ಹಂಗಾರ ಹಾಕು. ಔಷಧಕ್ಕ ನಾ ರೊಕ್ಕ ತಗೊಳ್ಳಾಂಗಿಲ್ಲ."

ನನ್ನ ಹಿಂದೆ ಸರದಿಯಲ್ಲಿ ಇದ್ದಾಕೆ ನಮ್ಮ ಬಾಜೂ ಮನೆಯ ಕೆಂಚವ್ವ, ವಯಸ್ಸು ಎಪ್ಪತ್ತರ ಮೇಲೆ. ಒಬ್ಬರದು ಬೀಸಿದ ಮೇಲೆ ಕಲ್ಲಿನಲ್ಲಿ ಉಳಿದದ್ದು ಮುಂದಿನವರ ಹಿಟ್ಟಿಗೆ ಬರುತ್ತದಲ್ಲ, ನನ್ನ ಕಾಫಿಯ ಸ್ವಲ್ಪ ಭಾಗ ಆಕೆಯ ಜೋಳಕ್ಕೆ ಹೋಯಿತು. ಆ ದಿನ ಆಕೆಯ ರೊಟ್ಟಿಗಳು ಕಂದು ಬಣ್ಣಕ್ಕೆ ಬಂದವು. ರಾಗಿ ಬೆರೆತಿರಬೇಕೆಂದು ಮೂರು ತಿಂದಳಂತೆ. ಮರುದಿನ ಅಲ್ಲಪ್ಪ ಕಾಕಾ ಕುರಿ ಔಷಧದ ಸುದ್ದಿ ಹೇಳಿದ. ಕೆಂಚವ್ವ ಸೀದಾ ನಮ್ಮ ಕಟ್ಟೆಗೆ ಬಂದು ಕೂತಳು.

"ಲೇ ಯಲ್ಲಾ! ಕುರಿ ಔಷಧ ತಿನ್ನಿಸಿದ್ಯೇನೋ ನನಗ! ರಾತ್ರಿ ಪೂರಾ ಕಣ್ಣ ಮುಚ್ಚಿಲ್ಲ. ಎದಿ ಡಬಡಬ ಅಂತೈತಿ. ಹೋಗತೇನೇನು ನಾ?"

"ಎಲ್ಲೂ ಹೋಗಾಂಗಿಲ್ಲ ಆಯಿ, ಅದು ಕಾಫಿ."

"ಕಾಫಿ ಅಂದ್ರ?"

"ಚಾ ಇದ್ದಂಗ."

"ಚಾ ಇದ್ದಂಗ ಇದ್ರ ಚಾನ ಕುಡಿಬೇಕಿಲ್ಲೋ ಭಾಡ್ಯಾ!"

ಪುರಾವೆಗಾಗಿ ಆಕೆಯ ಎದುರೇ ಒಂದು ಬಟ್ಟಲು ಮಾಡಿ ಕುಡಿದು ತೋರಿಸಿದೆ. ಈ ಸಲ ಒಂದು ನಿಮಿಷವಾದರೂ ಒಂದು ಹನಿಯೂ ಇಳಿಯಲಿಲ್ಲ. ಮಷಿನ್ನು ಗುರ್ ಎಂದು ನಡುಗಿ, ಬದಿಯಿಂದ ಬಿಸಿನೀರು ಚಿಮ್ಮಿ, ಟಗರು ಹಿತ್ತಲಿಗೆ ಓಡಿತು. ಕೊನೆಗೆ ಇಳಿದದ್ದು ಸುಟ್ಟ ರಬ್ಬರಿನಂತಿತ್ತು. ನಾನು ಸಾಯದಿರುವುದನ್ನು ನೋಡಿ ಕೆಂಚವ್ವ ಎದ್ದಳು. "ಕೂಡ್ರು ಆಯಿ, ನಾಡಿ ನೋಡತೇನಿ" ಎಂದು ಆಕೆಯ ಮಣಿಕಟ್ಟು ಹಿಡಿದು ಇನ್ನೂ ಒಂದು ತಾಸು ಕೂಡ್ರಿಸಿದೆ. ನನಗೆ ನಾಡಿ ನೋಡಲು ಬರುವುದಿಲ್ಲ.

ಸದರಿ ಪುಡಿ ಹಿಟ್ಟಿನಷ್ಟು ಸಣ್ಣದಿತ್ತು. ಮಿಕ್ಸಿಯದು ದಪ್ಪ, ಗಿರಣಿಯದು ಸಣ್ಣ. ನಡುವಿನದ್ದು ಯಾವುದರಲ್ಲಿ ಸಿಗುತ್ತದೆ ಎಂಬುದನ್ನು ತಿಳಿಸಿ ಉಪಕರಿಸಬೇಕು. ಕೆಂಚವ್ವ ತಮ್ಮ ಉತ್ತರಕ್ಕೆ ಕಾಯುತ್ತಿದ್ದಾಳೆ. ನನಗಾಗಿ ಅಲ್ಲದಿದ್ದರೂ ಆಕೆಗಾಗಿ.

ಆಪಾದಿತ,
ಯಲ್ಲಾಲಿಂಗ


ಕಣಗಲಾ
14 ಜುಲೈ 2025

ಯಲ್ಲಾಲಿಂಗ,

ಕೈಯಿಂದ ತಿರುಗಿಸುವ ಗ್ರೈಂಡರ್ ತಗೋ. ಹದಿನಾರು ಗ್ರಾಂ ಪುಡಿಗೆ ಮೂವತ್ತೆರಡು ಗ್ರಾಂ ಕಾಫಿ ಇಳಿಸು. ಇಪ್ಪತ್ತೈದರಿಂದ ಮೂವತ್ತು ಸೆಕೆಂಡು ಹಿಡಿಯಬೇಕು. ಬೇಗ ಇಳಿದು ಹುಳಿಯಾದರೆ ಪುಡಿ ಸಣ್ಣ ಮಾಡು. ತಡವಾಗಿ ಕಹಿಯಾದರೆ ದಪ್ಪ ಮಾಡು. ಒಂದು ಸಲಕ್ಕೆ ಒಂದನ್ನೇ ಬದಲಿಸು.

ಆ ಆಯಿಗೆ ಏನೂ ಆಗುವುದಿಲ್ಲ ಎಂದು ಹೇಳು.

ನೀನು ಇದಕ್ಕೆ ಉತ್ತರ ಬರೆಯುವ ಜರೂರಿಲ್ಲ.

ಸಿದ್ರಾಯ


ಘೋಡಗೇರಿ
27 ಜುಲೈ 2025

ವಿಷಯ: ಅಂಚೆ ಕಾರ್ಡ್ ತಲುಪಿದ ಬಗ್ಗೆ ಸ್ವೀಕೃತಿ ಹಾಗೂ ಹರ್ಷ.

ಮಾನ್ಯರೇ,

ತಮ್ಮ ಕಾರ್ಡನ್ನು ಕೆಂಚವ್ವನಿಗೆ ಓದಿ ಹೇಳಲಾಯಿತು. "ಏನೂ ಆಗುವುದಿಲ್ಲ" ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡಳು. "ಶಾಣ್ಯಾ ಅದಾನ. ಯಾರಾಂವಾ?" ಎಂದಳು. ಗೆಳೆಯ ಎಂದೆ. "ನಿನಗೂ ಅದಾರೇನು?" ಎಂದಳು.

"ಜರೂರಿಲ್ಲ" ಎಂದರೆ ಬರೆಯಬಾರದು ಎಂದಲ್ಲ. ನಾನು ದಿನಾ ಸರಕಾರಿ ಕಾಗದ ಓದುವವನು. ಆದ್ದರಿಂದ ಬರೆಯುತ್ತಿದ್ದೇನೆ.

ಗ್ರೈಂಡರ್ ತರಿಸಿದೆ. ಮುಂಜಾನೆ ಕಟ್ಟೆಯ ಮೇಲೆ ಕೂತು ತಿರುಗಿಸುತ್ತೇನೆ, ಹೋಗುವವರು ಬರುವವರು "ಏನೋ, ಶ್ಯಾವಿಗಿ ಹೊಸಿಯಾಕತ್ತೀಯೇನು?" ಎನ್ನುತ್ತಾರೆ. ಅಕ್ಕಸಾಲಿಗರು ಬಳಸುವಂಥ ಸಣ್ಣ ತೂಕದ ಯಂತ್ರವೂ ಬಂದಿದೆ. ಪುಡಿಯನ್ನು ಜಾಲರಿಯಲ್ಲಿ ಒತ್ತಲು ಕುರಿಗಳ ಜಂತುಹುಳದ ಔಷಧದ ಬಾಟಲಿಯ ತಳ ಸರಿಯಾಗಿ ಹೊಂದುತ್ತದೆ. ಚೆನ್ನಾಗಿ ತೊಳೆದಿದ್ದೇನೆ. ಆದರೂ ಕಾಫಿ ಒಮ್ಮೆ ಹದಿನೈದು ಸೆಕೆಂಡಿಗೆ, ಒಮ್ಮೆ ನಲವತ್ತಕ್ಕೆ ಇಳಿಯುತ್ತದೆ. ಪುಡಿ ಒಂದೇ, ತೂಕ ಒಂದೇ. ಅಂಚಿನಲ್ಲಿ ನೀರು ನುಗ್ಗಿದ ಗುರುತು ಕಾಣುತ್ತದೆ. ತಪ್ಪು ಎಲ್ಲಿದೆ?

ಇನ್ನೊಂದು ಸಂಗತಿ. ಈ ಮಷಿನ್ನಿನ ಹಿಡಿಕೆಗೆ ಎರಡು ಬಾಯಿ. ಒಂದು ಸಲ ಗುಂಡಿ ಒತ್ತಿದರೆ ಎರಡು ಬಟ್ಟಲಿಗೆ ಇಳಿಯುತ್ತದೆ. ಒಂದೇ ಬಟ್ಟಲು ಇಟ್ಟರೆ ಅರ್ಧ ಚೆಲ್ಲುತ್ತದೆ. ಹಾಗಾಗಿ ಎರಡು ಇಡುತ್ತೇನೆ. ಬಲಗಡೆಯದು ನನ್ನದು. ಎಡಗಡೆಯದನ್ನೂ ನಾನೇ ಕುಡಿಯುತ್ತೇನೆ, ಆದರೆ ಸ್ವಲ್ಪ ತಡೆದು.

ಮಳೆ ಹಿಡಿದು ಹತ್ತು ದಿನವಾಯಿತು. ಅಂಗಡಿಯಲ್ಲಿ ನೂರು ಮಂದಿಯ ಕಷ್ಟ ಬರೆದು ಸಂಜೆಗೆ ಮನೆಗೆ ಬಂದರೆ, ಚೇಷ್ಟೆ ಮಾಡಲು ಒಂದು ನರಪಿಳ್ಳೆ ಇಲ್ಲ. ನಿನ್ನೆ ಟಗರಿನ ಹೆಸರಿಗೆ ಒಂದು ನೋಟೀಸು ಬರೆದು ಅದರ ಕೊರಳಿಗೆ ಕಟ್ಟಿದೆ: ಏಳು ದಿನದೊಳಗೆ ಅಂಗಳ ಖಾಲಿ ಮಾಡತಕ್ಕದ್ದು. ಅದು ನೋಟೀಸನ್ನು ತಿಂದಿತು.

ಎರಡನೇ ಬಟ್ಟಲು ಆರುತ್ತಿರುವುದರಿಂದ ಮುಗಿಸುವ,
ಯಲ್ಲಾಲಿಂಗ


ಕಣಗಲಾ
10 ಆಗಸ್ಟ್ 2025

ಯಲ್ಲಾಲಿಂಗ,

ಬಾಟಲಿಯ ತಳದ ಅಂಚು ದುಂಡಗೆ ಇರುತ್ತದೆ. ಅದರಿಂದ ಒತ್ತಿದರೆ ಪುಡಿ ನಡುವೆ ಗಟ್ಟಿಯಾಗಿ ಅಂಚಿನಲ್ಲಿ ಸಡಿಲ ಉಳಿಯುತ್ತದೆ. ನೀರು ಸಡಿಲ ಇದ್ದಲ್ಲಿ ಹೋಗುತ್ತದೆ. ಚಪ್ಪಟೆ ತಳದ್ದು ಯಾವುದಾದರೂ ಹುಡುಕು, ನೆಟ್ಟಗೆ ಒತ್ತು.

ಇದನ್ನು ಶೀತಲ್‌ಗೆ ಫೆಬ್ರುವರಿಯಲ್ಲಿ ಬರೆದಿದ್ದೆ. ಆಕೆ "ಎಷ್ಟು ಚೆಂದ ತಿಳಿಸಿ ಹೇಳ್ತೀರಿ" ಎಂದಿದ್ದಳು.

ನಿನ್ನ ಮೊದಲ ಪತ್ರದಲ್ಲಿ ಫಾಲ್ಸಿನ ಸಂಗತಿ ಪೂರಾ ಇಲ್ಲ. "ನಕ್ಕೆವು" ಎಂದಿದ್ದೀ. ಅಷ್ಟೇ ಆಗಿದ್ದರೆ ನಾನೂ ಒಂದು ತಿಂಗಳಿಗೆ ನಗುತ್ತಿದ್ದೆ. ಹಾಸ್ಟೆಲಿನಲ್ಲಿ ನೀನು ನನ್ನ ಹಾಸಿಗೆ ಹೊರಗೆ ಮಳೆಯಲ್ಲಿ ಇಟ್ಟಾಗ ನಕ್ಕಿರಲಿಲ್ಲವೇ? ನೀನು ಬಿಟ್ಟದ್ದನ್ನು ನಾನು ಬರೆಯುತ್ತೇನೆ. ನೀನು ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದೆ. ನಾನು ಆಕೆಗೆ ಬರೆದದ್ದನ್ನು ನೀನು ಗಟ್ಟಿಯಾಗಿ ಓದಿದೆ: "ಬೇರೆಯವರ ಮುಂದೆ ನನಗೆ ಮಾತು ಸಿಕ್ಕಿಕೊಳ್ಳುತ್ತದೆ, ನಿಮಗೆ ಬರೆಯುವಾಗ ಸಿಕ್ಕಿಕೊಳ್ಳುವುದಿಲ್ಲ." ಅದನ್ನು ನನ್ನ ಹಾಗೆ ಉಗ್ಗುತ್ತ ಓದಿದೆ. ನನ್ನ ಉಗ್ಗನ್ನು ನನಗಿಂತ ಚೆನ್ನಾಗಿ ಉಗ್ಗಿದೆ. ಮೂರು ವರ್ಷ ಒಂದೇ ಖೋಲಿಯಲ್ಲಿ ಇದ್ದು ಕಲಿತದ್ದು ಅದು.

ನಾನು ಈ ಮಷಿನ್ನಿಗೆ ಯಾಕೆ ಬಂದೆ ಎಂದು ಶೀತಲ್‌ಗೆ ಹೇಳಿದ್ದೆ. ಅದು ಗದ್ದಲ ಮಾಡುವಾಗ ಯಾರೂ ಮಾತಾಡಿಸುವುದಿಲ್ಲ. ಅದು ನಿನಗೆ ಗೊತ್ತು.

ಈಗ ಒಂದೇ ಮಾತು ಕೇಳುತ್ತೇನೆ. ಮಾರ್ಚಿನಲ್ಲಿ ಶೀತಲ್‌ಗೆ ಅವ್ವನ ಸಂಗತಿ ಬರೆದಿದ್ದೆ. ಅವ್ವ ಭರಮವ್ವ ಗೋಕಾಕದ ದವಾಖಾನೆಯಿಂದ ಫೋನ್ ಮಾಡಿ "ಊಟ ಆತೇನೋ?" ಎಂದಳು. "ಆತವ್ವಾ" ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆ ಸ್ವಲ್ಪ ಕಾದು ಫೋನ್ ಇಟ್ಟಳು. ಮರುದಿನ ಮುಂಜಾನೆ ತೀರಿಕೊಂಡಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ ಇಲ್ಲ. ಶೀತಲ್ ಹಿಂಗೆ ಉತ್ತರ ಬರೆದಳು: "ಅವರು ಲೈನ್ ಕೆಟ್ಟಿದೆ ಎಂದು ಫೋನ್ ಇಟ್ಟಿಲ್ಲ. ನೀವು ಏನು ಹೇಳುವವರು ಅಂತ ಅವರಿಗೆ ತಿಳಿದಿತ್ತು. ನಿಮಗೆ ತ್ರಾಸು ಆಗಬಾರದು ಅಂತ ಇಟ್ಟರು."

ಆ ಸಾಲು ಹಿಡಿದುಕೊಂಡು ನಾನು ಒಂದು ತಿಂಗಳು ನಿದ್ದೆ ಮಾಡಿದೆ. ಫಾಲ್ಸಿನ ನಂತರ ಅದೂ ಹೋಯಿತು.

ಅದನ್ನು ಬರೆದವರು ಯಾರು? ನೀವು ನಾಲ್ವರೂ ಕೂತು ನಗುತ್ತ ಬರೆದಿರೋ, ಏನು?

ಅರ್ಜಿಯ ಭಾಷೆ ಬೇಡ. ವಿಷಯ, ಉಲ್ಲೇಖ ಬೇಡ.

ಸಿದ್ರಾಯ


ಘೋಡಗೇರಿ
17 ಆಗಸ್ಟ್ 2025

ಸಿದ್ರಾಯಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮೂರು ಸಲ ತಮಾಷೆ ತಾನಾಗಿ ಬಂತು. ಒಂದು ಸಲ "ಸದರಿ" ಎಂದು ಸುರುವಾಯಿತು.

ಅರ್ಜಿಯಲ್ಲಿ ಅರ್ಜಿದಾರನಿಗೆ ತೊಂದರೆ ಕೊಡುವ ಸಂಗತಿಯನ್ನು ಬಿಟ್ಟು ಬರೆಯುವುದು ನನ್ನ ಕಸುಬು. ಮೊದಲ ಪತ್ರದಲ್ಲಿ ಅದನ್ನೇ ಮಾಡಿದೆ. ನೀನು ಬರೆದದ್ದು ಖರೆ. ಉಗ್ಗಿ ಓದಿದೆ. ಓದುವಾಗ ನಿನ್ನ ಮುಖ ನೋಡಲಿಲ್ಲ, ರಾವಸಾಹೇಬನ ಮುಖ ನೋಡಿದೆ, ಆತ ನಗುತ್ತಾನೋ ಇಲ್ಲವೋ ಎಂದು.

ನಿನ್ನ ಪ್ರಶ್ನೆಗೆ ಉತ್ತರ. ಆ ಸಾಲು ಬರೆದಾಗ ನಾನು ಒಬ್ಬನೇ ಇದ್ದೆ. ಸಂಜೆ ಹೊತ್ತು, ಅಂಗಡಿ ಮುಚ್ಚುವ ಮೊದಲು. ಅವರು ಮೂವರೂ ಇರಲಿಲ್ಲ. ನೀನು ಬರೆದದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ, ನಾನು ನಗಲೂ ಇಲ್ಲ. ಎರಡು ಸಲ ಓದಿದೆ. ಆಮೇಲೆ ಉತ್ತರ ಬರೆಯಲು ಅರ್ಧ ತಾಸು ಹಿಡಿಯಿತು.

ಅದು ನಿಮ್ಮ ಅವ್ವನ ಮಟ್ಟಿಗೆ ಖರೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಆಕೆಯನ್ನು ನಾನು ನೋಡಿದ್ದು ಒಂದೇ ಸಲ. ಎರಡನೇ ವರ್ಷದ ರಜೆಯಲ್ಲಿ ಮೂಡಲಗಿಗೆ ಬಂದವನು ತುಕ್ಕಾನಟ್ಟಿಗೆ ನಿಮ್ಮ ಮನೆಗೆ ಬಂದಿದ್ದೆನಲ್ಲ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀನು ನನ್ನ ಹೆಸರು ಹೇಳಿ ಪರಿಚಯ ಮಾಡಿಸಲು ಹೋದೆ. "ಯ" ಹೊರಬರಲಿಲ್ಲ. ನಾನು ನಿನ್ನ ಬಾಯಿ ನೋಡುತ್ತ ನಿಂತೆ. ನಿಮ್ಮ ಅವ್ವ ಒಲೆಯ ಕಡೆ ತಿರುಗಿ, ಆಗಲೇ ಬೆಂದಿದ್ದ ರೊಟ್ಟಿಯನ್ನು ಮತ್ತೆ ಹೊರಳಿಸಿದಳು. ನೀನು ಹೆಸರು ಹೇಳಿ ಮುಗಿಸುವ ತನಕ ಹೊರಳಿಸುತ್ತಲೇ ಇದ್ದಳು. ಆಮೇಲೆ ತಿರುಗಿ, "ಹೌದಾ, ಯಲ್ಲಾಲಿಂಗ ಏನಪಾ? ಬಾ, ಕೂಡ್ರು" ಎಂದಳು, ಏನೂ ತಡವಾಗಿಲ್ಲವೆಂಬ ಹಾಗೆ. ಅದು ನೆನಪಿತ್ತು. ಅದರ ಮೇಲೆಯೇ ಬರೆದೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದರೆ ಮುಂದಿನದನ್ನೂ ಬರೆಯಬೇಕು. ಮರುದಿನ ಮುಂಜಾನೆ ಚಾದಂಗಡಿಯಲ್ಲಿ ನಾನೇ ಫೋನ್ ತೆಗೆದು ಅದನ್ನು ಆ ಮೂವರಿಗೆ ತೋರಿಸಿದೆ. ನಿನ್ನದನ್ನೂ ನನ್ನದನ್ನೂ. "ನೋಡ್ರಲೇ, ಶೀತಲವ್ವ ಎಂಥಾ ಮಾತ ಆಡ್ಯಾಳ" ಎಂದೆ. ಮೊದಲು ಯಾರೂ ನಗಲಿಲ್ಲ. ನಾನೇ ಮೊದಲು ನಕ್ಕೆ. ಆಮೇಲೆ ಅವರು ನಕ್ಕರು.

ಅದನ್ನು ಯಾರೂ ಕೇಳಿರಲಿಲ್ಲ. ನಾನು ತೋರಿಸದಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಯಾಕೆ ತೋರಿಸಿದೆ ಎಂದು, ನಿನ್ನ ಪತ್ರ ಬಂದ ಆಗಸ್ಟ್ ಹನ್ನೆರಡರಿಂದ ಯೋಚಿಸುತ್ತಿದ್ದೇನೆ. ಹಿಂದಿನ ದಿನ ನಾನು ನಗದೆ ಇದ್ದದ್ದು ನನಗೇ ಹೆದರಿಕೆ ತಂದಿತ್ತು ಎಂದು ಈಗ ಅನಿಸುತ್ತದೆ. ಇದು ಕಾರಣ, ಕ್ಷಮೆ ಅಲ್ಲ.

ಯಲ್ಲಾಲಿಂಗ


ಘೋಡಗೇರಿ
28 ಸೆಪ್ಟೆಂಬರ್ 2025

ಸಿದ್ರಾಯಾ,

ಆರು ವಾರ ಆಯಿತು. ಉತ್ತರ ಕೇಳಲು ಬರೆಯುತ್ತಿಲ್ಲ. ಬೇರೆ ಯಾರಿಗೂ ಹೇಳಲಾಗದ ಒಂದು ಸುದ್ದಿ ಇದೆ, ಅದಕ್ಕೆ.

ನಿನ್ನೆ ಮುಂಜಾನೆ ಹದಿನಾರು ಗ್ರಾಂ ಹಾಕಿದೆ. ಒತ್ತಲು ಬಡಗೇರ ಓಣಿಯಲ್ಲಿ ಚಪ್ಪಟೆ ಕಟ್ಟಿಗೆಯ ಗುಂಡು ಮಾಡಿಸಿದ್ದೇನೆ. ಮೂವತ್ತೆರಡು ಗ್ರಾಂ ಇಳಿಯಿತು. ಇಪ್ಪತ್ತೇಳು ಸೆಕೆಂಡು. ಹುಳಿಯಿಲ್ಲ, ಸುಟ್ಟ ರುಚಿಯಿಲ್ಲ. ನಾಲಗೆಯ ಮೇಲೆ ಬಹಳ ಹೊತ್ತು ನಿಂತಿತು. ಮೇಲೆ ನೊರೆ ಮಾತ್ರ ಇಲ್ಲ. ಬಟ್ಟಲು ಕರ್ರಗೆ, ಬೋಳಾಗಿ ಕಾಣುತ್ತದೆ. ಬಟ್ಟಲು ಹಿಡಿದುಕೊಂಡು ಕಟ್ಟೆಗೆ ಬಂದೆ, ಯಾರಿಗಾದರೂ ಹೇಳಬೇಕೆಂದು. ಓಣಿಯಲ್ಲಿ ಒಂದು ಕೋಳಿ ಇತ್ತು.

ಕೆಂಚವ್ವನಿಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಬೇವಿನ ಕಷಾಯಕ್ಕ ಇಷ್ಟ ರೊಕ್ಕ ಹಾಕಿದ್ಯಾ?" ಎಂದಳು. ಆದರೂ ದಿನಾ ಹೊತ್ತಿಗೆ ಸರಿಯಾಗಿ ಬರುತ್ತಾಳೆ.

ರಾವಸಾಹೇಬ ಅಂಗಡಿಗೆ ಬಂದಿದ್ದ. ಇನ್ನೊಂದು ಸಿಮ್ ತಂದಿದ್ದಾನೆ, ಈ ಸಲ ಕಬ್ಬು ಕಡಿಯುವ ಗ್ಯಾಂಗಿನ ಯಾವನನ್ನೋ ಹಿಡಿಯಬೇಕಂತೆ. "ಪತ್ರ ಬರಿಯಾಕ ನಿನ್ನಂಗ ಯಾರಿಗೂ ಬರಾಂಗಿಲ್ಲ" ಎಂದ. ಬರೆಯುವುದಿಲ್ಲ ಎಂದೆ. ನಾನು ಗಂಭೀರವಾಗಿ ಹೇಳಿದ್ದನ್ನು ಯಾರು ನಂಬುತ್ತಾರೆ? ಇದೂ ಚೇಷ್ಟೆಯ ಒಂದು ಭಾಗ ಎಂದು ಮೂರು ದಿನ ಕಾದ. ಕೊನೆಗೆ ಸಿಟ್ಟಾಗಿ, ಬಜಾರದಲ್ಲೆಲ್ಲ ನನ್ನನ್ನು ಶೀತಲ್ ಎಂದು ಕರೆಯಲು ಸುರು ಮಾಡಿದ. "ಏನವಾ ಶೀತಲಕ್ಕಾ, ಅರ್ಜಿ ಬರಿತೀಯೇನು?" ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ಕರೆಯಲಿ.

ಅವ್ವ ಫೋನ್ ಮಾಡಿದ್ದಳು. ಊಟ ಆತೇನೋ ಎಂದಳು. ಎಂದಿನಂತೆ "ಊಟದ ಬಗ್ಗೆ ಲಿಖಿತ ವರದಿ ಸಲ್ಲಿಸಲಾಗುವುದು" ಎನ್ನದೆ, "ಆತವ್ವಾ" ಎಂದೆ. "ಯಾಕೋ? ಆರಾಮಿಲ್ಲೇನು? ಅಪ್ಪನ್ನ ಕಳಿಸ್ಲೇನು?" ಎಂದು ಗಾಬರಿಯಾದಳು.

ಇಷ್ಟೇ. ಇಪ್ಪತ್ತೇಳು ಸೆಕೆಂಡು.

ಯಲ್ಲಾಲಿಂಗ


ಕಣಗಲಾ
9 ನವೆಂಬರ್ 2025

ಯಲ್ಲಾಲಿಂಗ,

ಹಬ್ಬಕ್ಕೆ ತುಕ್ಕಾನಟ್ಟಿಗೆ ಹೋಗಿದ್ದೆ. ಅಕ್ಕ ಅನ್ನಪೂರ್ಣಾಳಿಗೆ ಫೋನಿನ ಸಂಗತಿ ಹೇಳಿದೆ. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು, ಆಕೆ ಕಾದಳು. ಆಮೇಲೆ ರೊಟ್ಟಿಯ ಮಾತು ಕೇಳಿದೆ. "ಹೌದೋ, ಅವ್ವ ಹಂಗ ಮಾಡ್ತಿದ್ಲು. ನಿನ್ನ ಸಲುವಾಗಿ ಎಷ್ಟ ರೊಟ್ಟಿ ಹೊತ್ತಾವ! ಹೊತ್ತಿದ್ದೆಲ್ಲಾ ನಾ ತಿಂದೇನಿ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಆಕೆ ಅತ್ತಳು.

ನನಗೆ ಅದು ಗೊತ್ತಿರಲಿಲ್ಲ. ಮಾತು ಸಿಕ್ಕಿಕೊಂಡಾಗ ನಾನು ನೆಲ ನೋಡುತ್ತೇನೆ. ಒಲೆಯ ಕಡೆ ಎಂದೂ ನೋಡಿಲ್ಲ. ನೀನು ನೋಡಿದ್ದೆ. ಅದನ್ನು ಇಟ್ಟುಕೊಂಡಿದ್ದೇನೆ.

ನೀನು ಒಬ್ಬನೇ ಇದ್ದೆ ಎಂಬುದನ್ನು ನಂಬುತ್ತೇನೆ. ನಂಬಿದ್ದು ಸಮಾಧಾನವಲ್ಲ. ನಾಲ್ವರೂ ಕೂತು ನಗುತ್ತ ಬರೆದಿದ್ದರೆ ತಿಳಿಗೇಡಿಗಳು ಎಂದು ಬಿಟ್ಟುಬಿಡುತ್ತಿದ್ದೆ. ನಿನಗೆ ತಿಳಿದಿತ್ತು. ಪೂರಾ ತಿಳಿದು, ಮುಂಜಾನೆ ಎದ್ದು ತೋರಿಸಿದೆ. ಅದು ನನಗೆ ದಾಟಲಾಗದು, ಸದ್ಯಕ್ಕೆ. ಘೋಡಗೇರಿಗೆ ನಾನು ಬರುವುದಿಲ್ಲ. ನೀನೂ ಕೌಂಟರಿಗೆ ಬರಬೇಡ. ಫೋನ್ ಬ್ಲಾಕ್ ಹಾಗೇ ಇರುತ್ತದೆ.

ನೊರೆ ಬರದಿರುವುದಕ್ಕೆ ನಿನ್ನ ಕೈ ಕಾರಣ ಅಲ್ಲ. ಕಾಳು ಹಳೆಯವು. ಬೇಕರಿಯವರು ಕೊಟ್ಟದ್ದು ಹುರಿದು ವರ್ಷವಾಗಿರಬೇಕು. ಸತ್ತ ಕಾಳಿನಿಂದ ಇಪ್ಪತ್ತೇಳು ಸೆಕೆಂಡು ತಂದಿದ್ದರೆ ನೀನು ಕಲಿತಿದ್ದೀ.

ಇದರ ಜೊತೆ ಕಾಲು ಕಿಲೋ ಕಾಳು ಕಳಿಸಿದ್ದೇನೆ. ಹುರಿದ ತಾರೀಖು ಪೊಟ್ಟಣದ ಮೇಲೆ ಇದೆ. ಗಾಳಿಯಾಡದ ಡಬ್ಬಿಯಲ್ಲಿ ಇಡು. ದಿನಕ್ಕೆ ಒಂದು ಸಲ ಮಾಡಿದರೂ ಹದಿನೈದು ದಿನ, ದಿನ ಬಿಟ್ಟು ದಿನ ಮಾಡಿದರೆ ಒಂದು ತಿಂಗಳು ಬರುತ್ತದೆ.

ಅದು ಮುಗಿದ ಮೇಲೆ ಬರೆ. ಅದಕ್ಕೆ ಮೊದಲು ಬರೆಯಬೇಡ.

ಸಿದ್ರಾಯ


ಘೋಡಗೇರಿ
17 ನವೆಂಬರ್ 2025

ಸಿದ್ರಾಯಾ,

ಪೊಟ್ಟಣ ಹದಿಮೂರಕ್ಕೆ ಬಂತು. ಮುಗಿಯಿತು.

ಚೆಲ್ಲಿಲ್ಲ. ಯಾರಿಗೂ ಹಂಚಿಲ್ಲ, ಕೆಂಚವ್ವನಿಗೆ ಕೊಟ್ಟ ಎರಡು ಬಟ್ಟಲು ಬಿಟ್ಟು. ಬೇಕಾದರೆ ಆಕೆಯ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತೇನೆ. ಹದಿನೈದು ಸಲ ಮಾಡಿದೆ, ನಾಲ್ಕು ದಿನದಲ್ಲಿ. ಮೊದಲನೆಯದು ಹದಿನೆಂಟು ಸೆಕೆಂಡಿಗೇ ಇಳಿದು ಹುಳಿಯಾಯಿತು; ಹೊಸ ಕಾಳಿಗೆ ಪುಡಿ ಇನ್ನೂ ಸಣ್ಣ ಬೇಕಿತ್ತು. ನಾಲ್ಕನೆಯದಕ್ಕೆ ಹದ ಸಿಕ್ಕಿತು. ನೊರೆ ಬಂತು. ಹುಲಿಯ ಮೈಯ ಹಾಗೆ ಪಟ್ಟೆ ಪಟ್ಟೆ, ಜೇನಿನ ಬಣ್ಣ. ಸಕ್ಕರೆ ಹಾಕಿದರೆ ಒಂದು ಕ್ಷಣ ಮೇಲೇ ನಿಂತು ಆಮೇಲೆ ಮುಳುಗುತ್ತದೆ.

ಐದನೆಯದರಿಂದ ಹದಿನೈದನೆಯದರ ತನಕ ರುಚಿಗಾಗಿ ಕುಡಿದದ್ದಲ್ಲ. ಅಕ್ಷರ ಡೊಂಕಾಗಿವೆ, ನಾಲ್ಕು ದಿನದಿಂದ ನೆಟ್ಟಗೆ ನಿದ್ದೆಯಿಲ್ಲ. ಕೆಂಚವ್ವ ಈಗ ತಾನೇ ಬಂದು ನನ್ನ ನಾಡಿ ಹಿಡಿದು ನೋಡಿದಳು. "ಕುರಿ ಔಷಧ ಜಾಸ್ತಿ ಆಗೇತಿ" ಎಂದಳು.

ನೀನು ಒಂದು ತಿಂಗಳು ಎಂದಿದ್ದೆ. ಅಷ್ಟು ಕಾಯಲು ನನ್ನಿಂದ ಆಗಲಿಲ್ಲ.

ನೀನು ಹೇಳಿದ್ದಕ್ಕೆಲ್ಲ ಒಪ್ಪಿಗೆ ಇದೆ. ಕೌಂಟರಿಗೆ ಬರುವುದಿಲ್ಲ. ಇನ್ನೊಂದು ಪೊಟ್ಟಣ ಕೇಳುತ್ತಿಲ್ಲ, ನಾನೇ ತರಿಸುತ್ತೇನೆ. ಮುಂದಿನ ಸಲ ಬರೆಯಬೇಕಾದರೆ ಏನು ಮುಗಿಸಬೇಕು, ಅದೊಂದು ಹೇಳು.

ಯಲ್ಲಾಲಿಂಗ